ನಿಂತ ದೀಪ, ನಡೆವ ದೀಪ

ಜೂನ್ 7, ಶನಿವಾರ

ಇಂದು ಸಂಜೆ ನಗಿಸಾಳನ್ನು ಮೊದಲ ಸಲ ಪ್ರವಾಸಿಗರ ಮುಂದೆ ನಿಲ್ಲಿಸಿದೆ. ಹಕೊದಾತೆ ಬೆಟ್ಟದ ತುದಿಗೆ ರೋಪ್‌ವೇ ತಲುಪುವ ಹೊತ್ತಿಗೆ ಕೆಳಗೆ ಊರಿನ ದೀಪಗಳು ಆಗತಾನೇ ಹೊತ್ತಿಕೊಳ್ಳುತ್ತಿದ್ದವು. ಹದಿನೆಂಟರ ಹುಡುಗಿ; ದನಿ ಗಟ್ಟಿ, ಉಚ್ಚಾರ ಸ್ಪಷ್ಟ. ಬೆಸ್ತರ ಮನೆಯಲ್ಲಿ ಹಗ್ಗ ಎಳೆದು ಬೆಳೆದವಳು; ಕೈಯೆತ್ತಿ ತೋರಿಸುವಾಗ ಆ ತೋಳಿನಲ್ಲಿ ಅನುಮಾನವೆಂಬುದಿಲ್ಲ. ನಾನು ಹಿಂದೆ ನಿಂತು ಪಾಠವನ್ನು ತುಟಿಯಲ್ಲೇ ಅವಳ ಜೊತೆಗೆ ಹೇಳಿಕೊಳ್ಳುತ್ತಿದ್ದೆ. ಎಡಕ್ಕೆ ಬಂದರು, ಅದರಂಚಿಗೆ ಕೆಂಪು ಇಟ್ಟಿಗೆಯ ಉಗ್ರಾಣಗಳು, ನೇರ ನೀರಿಗೇ ಇಳಿದಂತೆ ಕಾಣುವ ಇಳಿಜಾರು ಬೀದಿಗಳು, ಇಗರ್ಜಿಗಳ ಗೋಪುರ, ದೂರದಲ್ಲಿ ಕಂದಕದ ನಡುವೆ ನಕ್ಷತ್ರದ ಆಕಾರದಲ್ಲಿ ಮಲಗಿರುವ ಕೋಟೆ, ಬಲಕ್ಕೆ ಜಲಸಂಧಿ, ಅದರ ಮೇಲೆ ಬೆಳಕಿಗೆ ಬರುವ ಬೊಂಡಾಸ್ ಮೀನು ಹಿಡಿಯುವ ದೋಣಿಗಳ ದೀಪಮಾಲೆ.

ಜಲಸಂಧಿಯವರೆಗೆ ಒಂದಕ್ಷರ ತಪ್ಪಲಿಲ್ಲ. ಅಲ್ಲಿಗೆ ಬಂದು ನಿಂತಳು.

“ಬಲಗಡೆ ಜಲಸಂಧಿ. ಅಲ್ಲಿ ದೋಣಿಗಳ ದೀಪ ಕಾಣ್ಬೇಕಿತ್ತು. ಇವತ್ತು ಒಂದೂ ಇಲ್ಲ. ಬೊಂಡಾಸೇ ಇಲ್ಲ ಅಂದ್ಮೇಲೆ ದೋಣಿ ಯಾಕೆ ಹೋಗ್ತಾವೆ ಹೇಳಿ,” ಎಂದಳು.

ಕೆಲವರು ನಕ್ಕರು. ಒಬ್ಬಾಕೆ ಎತ್ತಿದ್ದ ಫೋನನ್ನು ಕೆಳಗಿಳಿಸಿ ಚೀಲಕ್ಕೆ ಹಾಕಿಕೊಂಡಳು. ಕೆಳಗಿಳಿಯುವಾಗ ನಾನು ಮೆಲ್ಲನೆ ತಿದ್ದಿದೆ.

“ನೋಡು ನಗಿಸಾ, ಅವರೆಲ್ಲ ಬೆಳಕು ನೋಡೋಕೆ ಅಂತ ಬಂದಿರ್ತಾರೆ. ಅವರಿಗೆ ಕತ್ತಲೆ ತೋರಿಸಬಾರದು.”

“ಇಲ್ಲದ್ದನ್ನ ಇದೆ ಅಂತ ಹೇಗ್ ಹೇಳ್ಲಿ ಮೇಷ್ಟ್ರೇ?”

“ಇದೆ ಅನ್ನಬೇಡ. ‘ಋತುವಿನಲ್ಲಿ ಕಾಣಸಿಗುತ್ತವೆ’ ಅನ್ನು.”

“ಅದು ಸುಳ್ಳಿನ ತಮ್ಮ ಅಲ್ವಾ?”

ನಗು ಬಂದರೂ ತೋರಗೊಡಲಿಲ್ಲ. ಈ ಹುಡುಗಿಯೊಬ್ಬಳೇ ಈ ವರ್ಷದ ನನ್ನ ತರಗತಿ. ಶಾಲೆಯಿಂದ ನಿವೃತ್ತನಾದ ಮೇಲೆ ಊರಿನ ಮಕ್ಕಳಿಗೆ ಊರನ್ನು ತೋರಿಸುವ ವಿದ್ಯೆ ಕಲಿಸಲು ಹೊರಟವನು ನಾನು. ಒಂದು ಕಾಲಕ್ಕೆ ಕೋಣೆ ಸಾಲದೆ ಮೆಟ್ಟಿಲ ಮೇಲೂ ಕೂರುತ್ತಿದ್ದರು. ಈಗ ಬರುವವರು ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರವನ್ನು ಬಾಡಿಗೆಗೆ ಪಡೆದು ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಈ ಬೇಸಿಗೆಯಲ್ಲಿ ಒಬ್ಬರಾದರೂ ಹೊಸ ಮಾರ್ಗದರ್ಶಿ ತಯಾರಾಗದಿದ್ದರೆ ಕೋಣೆಯನ್ನು ಬೇರೆಯವರಿಗೆ ಕೊಡುವುದಾಗಿ ಬಡಾವಣೆಯ ಸಂಘದವರು ವಿನಯದಿಂದಲೇ ತಿಳಿಸಿದ್ದಾರೆ. ಜುಲೈ ಏಳರ ಸಂಜೆ, ತನಬಾತ ಹಬ್ಬದ ದಿನ, ನಗಿಸಾ ಬೆಟ್ಟದ ಮೇಲೆ ಒಬ್ಬಳೇ ಮಾತಾಡಬೇಕು. ಮಾರ್ಗದರ್ಶಿಗಳು ಕಟ್ಟುವ ನೀಲಿ ತೋಳುಪಟ್ಟಿಯನ್ನು ಅವಳಿಗಾಗಿ ಈಗಾಗಲೇ ಹೊಲಿಸಿಟ್ಟಿದ್ದೇನೆ. ಅವಳ ಮೇಲೆ ನನಗೆ ನಂಬಿಕೆಯಿದೆ.

ಜೂನ್ 11, ಬುಧವಾರ

ತೋರಿಸುವವನು ಮೊದಲು ಮುಟ್ಟಿ ನೋಡಿರಬೇಕೆಂಬುದು ನನ್ನ ನಿಯಮ. ಆದ್ದರಿಂದ ಬೆಳಗ್ಗೆ ನಗಿಸಾಳೊಡನೆ ಸಂತೆಗೆ ಹೋದೆ. ಓಬಾತಾ ಕಿನು ಎಂದಿನಂತೆ ತನ್ನ ಮೀನಂಗಡಿಯ ಮುಂದೆ ಮುಕ್ಕಾಲಿಯ ಮೇಲೆ ಕೂತಿದ್ದಳು. ನಾನೂ ಅವಳೂ ಒಂದೇ ತರಗತಿಯಲ್ಲಿ ಓದಿದವರು. ಅವಳು ನನಗೆ ಮರ್ಯಾದೆ ಕೊಡುವುದು ಮಕ್ಕಳೆದುರಿಗೆ ಮಾತ್ರ, ಅದೂ ಅರ್ಧ. ಪ್ರವಾಸಿಗರು ತಾವೇ ಗಾಳ ಹಾಕಿ ಹಿಡಿಯಲೆಂದು ಇಟ್ಟಿರುವ ತೊಟ್ಟಿಯಲ್ಲಿ ಒಂದೇ ಒಂದು ಬೊಂಡಾಸ್ ಮೂಲೆಗೆ ಒತ್ತಿಕೊಂಡಿತ್ತು.

“ಏನ್ ಮೇಷ್ಟ್ರೇ, ಒಬ್ಬಳೇ ಶಿಷ್ಯೇನಾ? ನನ್ನ ತೊಟ್ಟಿ ನೋಡಿ, ನಿಮ್ಮ ಕ್ಲಾಸೂ ಇದೂ ಒಂದೇ ಲೆಕ್ಕ.”

“ಇದನ್ನ ಯಾರಿಗೂ ಮಾರಬೇಡಿ ಅಜ್ಜಿ,” ಎಂದಳು ನಗಿಸಾ. “ತೊಟ್ಟಿ ಖಾಲಿ ಆದ್ರೆ ಮೇಷ್ಟ್ರು ‘ಋತುವಿನಲ್ಲಿ ಕಾಣಸಿಗುತ್ತವೆ’ ಅಂತ ಬೋರ್ಡ್ ಹಾಕಿಸ್ತಾರೆ.”

ಕಿನು ನಕ್ಕ ನಗೆಗೆ ಪಕ್ಕದ ಏಡಿಯಂಗಡಿಯವನೂ ತಿರುಗಿ ನೋಡಿದ.

ಅಲ್ಲಿಂದ ದಕ್ಕೆಗೆ ಹೋದೆವು. ನಗಿಸಾಳ ತಂದೆ ಎಯ್ಕಿಚಿ ‘ಮಿಯೊ ಮಾರು’ ಎಂಬ ತನ್ನ ಚಿಕ್ಕ ದೋಣಿಯ ಮೇಲೆ ಕೂತು, ಸಾಲಾಗಿ ತೂಗುಬಿಟ್ಟ ದೊಡ್ಡ ಬಲ್ಬುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸುತ್ತಿದ್ದ. ಬಲ್ಬು ಒರೆಸಿ ಏನು ಫಲ, ಬೊಂಡಾಸ್ ಇಲ್ಲವಲ್ಲ ಎಂದೆ.

“ಬಂದಾಗ ದೀಪ ಮಂಕಾಗಿದ್ರೆ ನಮ್ಮನ್ನ ನೋಡಿ ನಗ್ತಾವೆ ಮೇಷ್ಟ್ರೇ. ಮತ್ತೆ, ಇವಳಿಗೆ ಮಾತು ಕಲಿಸ್ತಿದೀರಂತೆ? ಮೊದ್ಲೇ ಅವರಮ್ಮನ ಬಾಯಿ. ಸಾಲ್ದು ಅಂತ ನೀವು ಬೇರೆ ಸಾಣೆ ಹಿಡೀರಿ.”

“ಅಪ್ಪಾ, ಸುಮ್ನಿರಪ್ಪ.”

“ಅವಳ ಮಾತಿಗೆ ನಿಮ್ಮ ದೀಪವೇ ಆಧಾರ,” ಎಂದೆ ನಾನು. “ಮೇಲಿಂದ ನೋಡಿದರೆ ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ.”

ಅವನು ಬಟ್ಟೆ ಹಿಡಿದ ಕೈ ನಿಲ್ಲಿಸಿದ. “ಒಂದೇ ಬಗೆ ಹೇಗಾಗ್ತದೆ? ಬೊಂಡಾಸ್ ಹಿಡಿಯೋ ದೋಣಿ ದೀಪ ಹಚ್ಚಿ ಒಂದೇ ಕಡೆ ನಿಲ್ತದೆ. ಮೀನೇ ಬೆಳಕಿನ ಹತ್ರ ಬರ್ಬೇಕು. ನಿಂತ ದೀಪ ದುಡೀತದೆ, ನಡೆಯೋ ದೀಪ ಹುಡುಕ್ತದೆ. ಇಷ್ಟು ಗೊತ್ತಿಲ್ದೆ ಇಷ್ಟು ವರ್ಷ ಏನ್ ತೋರಿಸಿದ್ರಿ?”

ಎಷ್ಟು ಅಚ್ಚುಕಟ್ಟಾದ ಮಾತು. ಪಾಠದಲ್ಲಿ ಸೇರಿಸಬೇಕೆಂದುಕೊಂಡಿದ್ದೇನೆ, ಯಾವ ಜಾಗಕ್ಕೆ ಹೊಂದುತ್ತದೆಂದು ಇನ್ನೂ ತಿಳಿದಿಲ್ಲ.

ಜೂನ್ 14, ಶನಿವಾರ

ಮಂಜು. ಬೆಟ್ಟವೇ ಇಲ್ಲದಂತಾಗಿತ್ತು. ಬಂದವರು ರೋಪ್‌ವೇಯ ಬಾಗಿಲಲ್ಲಿ ನಿಂತು ಮರಳಿದರು.

ಜೂನ್ 17, ಮಂಗಳವಾರ

ಇಂದೂ ಮಂಜು. ಹಡಗಿನ ಕೂಗು ಕೇಳುತ್ತದೆ, ಹಡಗು ಕಾಣದು.

ಕೋಣೆಯ ಗೋಡೆಯಲ್ಲಿರುವ ಹಳೆಯ ತಂಡಗಳ ಛಾಯಾಚಿತ್ರಗಳ ಧೂಳು ಒರೆಸಿದೆ. ಹೆಚ್ಚಿನವರು ಸಪ್ಪೊರೊದಲ್ಲಿದ್ದಾರೆ, ಇಲ್ಲವೇ ಸಮುದ್ರ ದಾಟಿ ದಕ್ಷಿಣಕ್ಕೆ ಹೋಗಿದ್ದಾರೆ. ಮೇಲಿನ ಬೀದಿಯಲ್ಲಿ ಮತ್ತೊಂದು ಮನೆಯನ್ನು ಕೆಡವಿದರು; ಕೆಳಗೆ ಮರದ ಜಾಲರಿ, ಮಹಡಿಯಲ್ಲಿ ಹಸಿರು ಬಳಿದ ವಿಲಾಯಿತಿ ಕಿಟಕಿ, ಪಾಠದಲ್ಲಿ ನಾಲ್ಕನೆಯ ನಿಲುಗಡೆ. ಆ ವಾಕ್ಯವನ್ನು ಹೊಡೆದುಹಾಕಿದೆ. ಈ ವರ್ಷ ಹೊಡೆದುಹಾಕಿದ ವಾಕ್ಯಗಳನ್ನೇ ಒಟ್ಟುಮಾಡಿದರೆ ಇನ್ನೊಂದು ಊರಾದೀತು.

ತನಬಾತಕ್ಕೆ ಬಿದಿರ ಕೊಂಬೆ ತರಬೇಕೇ ಎಂದು ಯೋಚಿಸುತ್ತಿದ್ದೇನೆ. ಬಾಗಿಲಿಗೆ ಬಿದಿರು ಕಟ್ಟಿದ ಮನೆಯ ಮುಂದೆ ಮಕ್ಕಳು ನಿಂತು ಹಾಡಿ ಮೇಣದ ಬತ್ತಿ ಬೇಡುತ್ತವೆ, ನಾವು ಮಿಠಾಯಿ ಕೊಡುತ್ತೇವೆ. ಬತ್ತಿ ಕೊಡುವ ಕಾಲ ಎಂದೋ ಮುಗಿಯಿತು. ಹೋದ ವರ್ಷ ನಮ್ಮ ಏರುಬೀದಿಗೆ ಯಾವ ಮಗುವೂ ಹತ್ತಿ ಬರಲಿಲ್ಲ. ಮಿಠಾಯಿಯನ್ನು ಹೆಂಡತಿ ಚಿಜುವಿನ ನೆನಪಿನ ಪೂಜಾಪೀಠದ ಮುಂದೆ ಇಟ್ಟು, ಆಮೇಲೆ ನಾನೇ ತಿಂದೆ. ಅವಳಿದ್ದಿದ್ದರೆ ಬೈಯುತ್ತಿದ್ದಳು.

ಆದರೂ ನಗಿಸಾ ಇದ್ದಾಳೆ. ಅದನ್ನು ಮರೆಯಬಾರದು.

ಜೂನ್ 21, ಶನಿವಾರ

ಇಂದಿನ ದಿನವನ್ನು ಪೂರ್ತಿಯಾಗಿ ಬರೆದಿಡಬೇಕು.

ಮಧ್ಯಾಹ್ನ ಗಾಳಿ ತಿರುಗಿ ಮಂಜು ಹರಿಯಿತು. ದಿನವಿಡೀ ಕೋಣೆಯಲ್ಲಿ ಪಾಠ ತಿದ್ದುತ್ತ ಕೂತಿದ್ದೆ, ನಗಿಸಾ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಹಬ್ಬ ಇಷ್ಟು ಹತ್ತಿರವಿರುವಾಗ ಒಂದು ಮಾತೂ ಹೇಳದೆ ತಪ್ಪಿಸಿಕೊಳ್ಳುವುದು ಸರಿಯಲ್ಲ; ಸೋಮವಾರ ಇದನ್ನು ಅವಳಿಗೆ ಸೌಮ್ಯವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕು. ನಾನೊಬ್ಬನೇ ಹೊರಟೆ. ರೋಪ್‌ವೇಯ ಬಾಗಿಲಲ್ಲಿ ಟಿಕೇಟು ನೋಡುವ ಹೆಂಗಸು, “ಮೇಷ್ಟ್ರೇ, ಇವತ್ತೂ ಹೋಗ್ತೀರಾ?” ಎಂದು ಕೇಳಿದಳು. ಮಂಜಿನ ಭಯವಿರಬೇಕೆಂದು, “ಎಲ್ಲ ತಿಳಿಯಾಗಿದೆಯಮ್ಮ,” ಎಂದೆ. ಅವಳು ಮತ್ತೇನೋ ಹೇಳಬೇಕೆಂದಿದ್ದಳು. ಹಿಂದಿನಿಂದ ಜನ ನೂಕಿದರು.

ಮೇಲೆ ಹೋಗಿ ನೋಡುತ್ತೇನೆ, ಜಲಸಂಧಿಯ ತುಂಬ ದೀಪ.

ಎಷ್ಟು ವರ್ಷಗಳ ಮೇಲೆ. ಬೂದುಬಣ್ಣದ ನೀರಿನ ಮೇಲೆ ಬಿಳಿಯ ಬೆಳಕಿನ ಸಾಲು, ಅದರ ಹಿಂದೆ ಇನ್ನೊಂದು ಸಾಲು. ಒಂದಕ್ಕೊಂದು ಸಮಾನ ಅಂತರ ಬಿಟ್ಟು, ಯಾರೋ ತಾಳ ಹಾಕಿದಂತೆ ಎಲ್ಲವೂ ಒಟ್ಟಾಗಿ ಮೆಲ್ಲಮೆಲ್ಲನೆ ಪಡುವಣಕ್ಕೆ ಸರಿಯುತ್ತಿದ್ದವು, ಮತ್ತೆ ಒಟ್ಟಾಗಿ ಹಿಂದಿರುಗುತ್ತಿದ್ದವು. ಬೊಂಡಾಸ್ ಬಂದಿದೆ, ನಾಳೆ ಕಿನುವಿನ ತೊಟ್ಟಿ ತುಂಬುತ್ತದೆ, ಎಯ್ಕಿಚಿ ಒರೆಸಿದ ಬಲ್ಬುಗಳು ಸಾರ್ಥಕವಾದವು ಎಂದುಕೊಂಡೆ. ನಗಿಸಾ ತಪ್ಪಿಸಿಕೊಂಡ ದಿನವೇ ಹೀಗಾಗಬೇಕೇ ಎಂದು ಮರುಗಿದೆ ಕೂಡ.

ಕಿವಿಯ ಯಂತ್ರ ಧರಿಸಿದ್ದವರೂ ಅದನ್ನು ತೆಗೆದು ನನ್ನ ಸುತ್ತ ಸೇರಿದರು. ಹೊಡೆದುಹಾಕಿದ ವಾಕ್ಯಗಳನ್ನೂ ಸೇರಿಸಿ ಇಡೀ ಪಾಠವನ್ನು ಹೇಳಿದೆ. “ಅಲ್ಲಿ ನೋಡಿ, ನಮ್ಮ ಊರಿನ ಎರಡನೆಯ ನಕ್ಷತ್ರರಾಶಿ,” ಎಂದು ಮುಗಿಸಿದಾಗ ಚಪ್ಪಾಳೆ ತಟ್ಟಿದರು. ಒಬ್ಬ ಯುವಕ ತಾನು ತೆಗೆದ ಚಿತ್ರವನ್ನು ತೋರಿಸಿ, “ನೀವು ಅದೃಷ್ಟವಂತರು ಸಾರ್, ದಿನಾ ಇದನ್ನ ನೋಡ್ತೀರಿ,” ಎಂದ. ಹೌದೆಂದೆ.

ಪುಟ ತುಂಬಿತು. ಮನಸ್ಸೂ.

ಜೂನ್ 22, ಭಾನುವಾರ

ಅವು ಹುಡುಕುತ್ತಿದ್ದವು.

ಜೂನ್ 24, ಮಂಗಳವಾರ

ತಿಳಿದಷ್ಟನ್ನು ಬರೆಯುತ್ತೇನೆ. ಶುಕ್ರವಾರ ಸಂಜೆ ಎಯ್ಕಿಚಿ ಒಬ್ಬನೇ ದೋಣಿ ತೆಗೆದುಕೊಂಡು ಹೋಗಿದ್ದ. ಶನಿವಾರ ಬೆಳಗ್ಗೆ ಮರಳಬೇಕಿತ್ತು, ಮರಳಲಿಲ್ಲ. ಮಧ್ಯಾಹ್ನ ಮಂಜು ಹರಿದೊಡನೆ ದಕ್ಕೆಯ ದೋಣಿಗಳೆಲ್ಲ ಹೊರಟವು. ಕತ್ತಲಾಗುತ್ತಲೇ ನೀರು ಕಾಣಲೆಂದು ಇದ್ದಬದ್ದ ದೀಪ ಹಚ್ಚಿಕೊಂಡು ಸಾಲಾಗಿ ಬಾಚಿದವು. ಇಡೀ ಊರಿಗೇ ಗೊತ್ತಿತ್ತು. ಬೆಟ್ಟದ ಮೇಲೆ ನಿಂತ ನನ್ನೊಬ್ಬನಿಗೆ ತಿಳಿದಿರಲಿಲ್ಲ.

ಸಂತೆಗೆ ಹೋದೆ. ಕಿನು ಬೈಯುವಳೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ಕೂತ್ಕೋ,” ಎಂದಳು. ಸುತ್ತ ಮಕ್ಕಳಿರಲಿಲ್ಲ, ಏಕವಚನವೇ ಬಂತು. “ಊಟ ಮಾಡಿದ್ಯಾ?”

“ದೀಪ ನಡೀತಿತ್ತು ಕಿನು. ನನ್ನ ಕಣ್ಣಾರೆ ನೋಡಿದೆ. ನಡೆಯೋ ದೀಪ ಹುಡುಕ್ತದೆ ಅಂತ ಅವನೇ ಹೇಳಿದ್ದ. ನಡೀತಿದೆ ಅಂತ ಗೊತ್ತಿದ್ದೂ…”

“ಗೊತ್ತಿರೋದು ಬೇರೆ, ಹೊಳೆಯೋದು ಬೇರೆ. ನಿನಗೆ ಬೊಂಡಾಸ್ ಬೇಕಿತ್ತು, ಬೊಂಡಾಸ್ ಕಾಣಿಸ್ತು. ನಾನೂ ಮನೆ ಕಿಟಕಿಯಿಂದ ನೋಡಿ ಒಂದು ಗಳಿಗೆ ಹಾಗೇ ಅಂದ್ಕೊಂಡೆ. ಆಮೇಲೆ ಮೊಮ್ಮಗ ಹೇಳ್ದ.” ಚಾಕುವನ್ನು ನೀರಲ್ಲಿ ಅದ್ದಿ ತೆಗೆದಳು. “ಬಾಯಿ ಮುಚ್ಕೊಂಡು ನೋಡಿದ್ದೆ, ಅಷ್ಟೇ ವ್ಯತ್ಯಾಸ.”

ತೊಟ್ಟಿಯಲ್ಲಿ ಆ ಒಂದು ಬೊಂಡಾಸ್ ಇರಲಿಲ್ಲ.

ಜೂನ್ 28, ಶನಿವಾರ

ಮೀನುಗಾರರ ಸಂಘದವರು ಹುಡುಕುವುದನ್ನು ನಿಲ್ಲಿಸಿದರಂತೆ. ಬಲ್ಬಿನ ಒಂದು ಚೂರೂ ಸಿಕ್ಕಿಲ್ಲ.

ಆಕಾಶ ತಿಳಿಯಾಗಿತ್ತು. ಬೆಟ್ಟಕ್ಕೆ ಹೋಗಲಿಲ್ಲ. ಮಂಜು ಕವಿಯಲೆಂದು ಸಂಜೆಯವರೆಗೂ ಬೇಡುತ್ತಿದ್ದೆ. ಹೀಗೆ ಹಂಬಲಿಸಿದ್ದು ಈ ಊರಿನಲ್ಲಿ ಹುಟ್ಟಿದಾಗಿನಿಂದ ಇದೇ ಮೊದಲು.

ಜುಲೈ 1, ಮಂಗಳವಾರ

ಕೊನೆಗೂ ಅವರ ಮನೆಗೆ ಹೋದೆ. ಬಾಗಿಲವರೆಗೆ ಎರಡು ಸಲ ಹೋಗಿ ಟ್ರಾಮ್ ನಿಲ್ದಾಣಕ್ಕೆ ಮರಳಿ ಬಂದೆ. ಮೂರನೆಯ ಸಲ ನಗಿಸಾಳ ತಾಯಿ ತಮಾಯೊ ತಾನೇ ಹೊರಗೆ ಬಂದು, “ಒಳಗೆ ಬನ್ನಿ ಮೇಷ್ಟ್ರೇ, ಬೀದಿಯವರು ನೋಡ್ತಾರೆ,” ಎಂದಳು.

ಮೇಜಿನ ಮೇಲೆ ಎಯ್ಕಿಚಿಯ ಜಾಗದಲ್ಲಿ ಊಟದ ತಟ್ಟೆ ಬಡಿಸಿಟ್ಟಿತ್ತು: ಅನ್ನ, ಸಾರು, ಹುರಿದ ಮೀನಿನ ತುಂಡು, ಊಟದ ಕಡ್ಡಿಗಳು. ದೂರ ಹೋದವರಿಗೆ ಹಸಿವಾಗದಿರಲೆಂದು ಮನೆಯವರು ಇಡುವ ತಟ್ಟೆ. ಅದು ಇರುವ ಮನೆಯಲ್ಲಿ ಸಂತಾಪದ ಮಾತು ಆಡುವಂತಿಲ್ಲ. ಆಡಿದರೆ ಅವಳ ಗಂಡನನ್ನು ನಾವೇ ಮುಳುಗಿಸಿದಂತೆ. ಜೇಬಿನಲ್ಲಿದ್ದ, ಸಂತಾಪದ ಕಾಣಿಕೆಯ ಕಪ್ಪು ಅಂಚಿನ ಲಕೋಟೆಯನ್ನು ಹೊರಗೆ ತೆಗೆಯಲಿಲ್ಲ.

ಚಹಾ ಕೊಟ್ಟಳು. ಮಗಳು ಎಲ್ಲಿ ಎಂದು ಕೇಳಿದೆ.

“ದಕ್ಕೆಗೆ ಹೋಗಿದಾಳೆ. ಹೋಗ್ತಾಳೆ, ನಿಲ್ತಾಳೆ, ಬರ್ತಾಳೆ. ನಾನೂ ಬೇಡ ಅನ್ನಲ್ಲ.” ಆಮೇಲೆ ಬಟ್ಟಲನ್ನು ತಿರುಗಿಸುತ್ತ, “ಆವತ್ತು ಮೇಲಿಂದ ತುಂಬ ಚೆನ್ನಾಗಿ ಕಾಣಿಸ್ತಿತ್ತಂತೆ ಮೇಷ್ಟ್ರೇ? ಯಾರೋ ತೆಗೆದ ಫೋಟೋ ಫೋನಲ್ಲಿ ಬಂದಿತ್ತು,” ಎಂದಳು.

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

“ಹೌದು,” ಎಂದೆ. “ಚೆನ್ನಾಗಿತ್ತು.”

“ಅಷ್ಟು ಜನ ಹೋಗಿದ್ರು. ಅವರೊಬ್ಬರಿಗೋಸ್ಕರ ಅಷ್ಟು ದೀಪ.” ಅವಳು ತಟ್ಟೆಯ ಸಾರನ್ನು ನೋಡಿದಳು, ಹಬೆ ನಿಂತಿತ್ತು. ಎದ್ದು ಬಿಸಿ ಮಾಡಲು ಒಯ್ದಳು.

ಐವತ್ತು ವರ್ಷ ಮಕ್ಕಳಿಗೆ ಮಾತು ಕಲಿಸಿದವನು ನಾನು. ಆ ಮನೆಯಿಂದ ಹೊರಗೆ ಬರುವಾಗ ಬಾಗಿಲಲ್ಲಿ ಹೇಳುವ ರೂಢಿಯ ಮಾತೂ ಬಾಯಿಗೆ ಬರಲಿಲ್ಲ. ಪಾಠವನ್ನು ಮನಸ್ಸಿನಲ್ಲೇ ಹೇಳಿನೋಡಿದೆ: ಎಡಕ್ಕೆ ಬಂದರು, ಕೆಂಪು ಉಗ್ರಾಣ, ಏರುಬೀದಿ. ಪ್ರತಿಯೊಂದೂ ಇದ್ದಲ್ಲೇ ಇದೆ. ಯಾವುದನ್ನೂ ಯಾರಿಗೂ ತೋರಿಸಬೇಕೆನಿಸುವುದಿಲ್ಲ.

ಜುಲೈ 4, ಶುಕ್ರವಾರ

ಸಂಘಕ್ಕೆ ಹೋಗಿ ಕೋಣೆಯ ಬೀಗದ ಕೈ ಕೊಟ್ಟೆ. ಇನ್ನೂ ಮೂರು ದಿನ ಸಮಯವಿದೆಯಲ್ಲ ಎಂದರು. ಆ ಹುಡುಗಿಯನ್ನು ಕೇಳುವ ಹಕ್ಕು ನನಗಿಲ್ಲ ಎಂದೆ. ಛಾಯಾಚಿತ್ರಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿ ಮನೆಗೆ ತಂದೆ. ಏರಿನಲ್ಲಿ ಹಲವು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ತೋಳುಪಟ್ಟಿಯೂ ಪೆಟ್ಟಿಗೆಯಲ್ಲೇ ಇದೆ.

ಜುಲೈ 7, ಸೋಮವಾರ

ಬಿದಿರು ಕಟ್ಟುವುದಿಲ್ಲವೆಂದುಕೊಂಡಿದ್ದೆ. ಮಧ್ಯಾಹ್ನ ಕಿನು ಮೊಮ್ಮಗನ ಕೈಯಲ್ಲಿ ಒಂದು ಕೊಂಬೆ ಕಳಿಸಿ, “ಅಜ್ಜಿ ಹೇಳಿದಾಳೆ, ಕಟ್ಟದಿದ್ರೆ ತಾನೇ ಬಂದು ಕಟ್ತಾಳಂತೆ, ಆಮೇಲೆ ಊಟಕ್ಕೂ ಕೂರ್ತಾಳಂತೆ,” ಎಂದು ಹೇಳಿಸಿದಳು. ಆ ಬೆದರಿಕೆಗೆ ಹೆದರಿ ಕಟ್ಟಿದೆ.

ಸಂಜೆ ಇಬ್ಬರು ಪುಟ್ಟ ಹುಡುಗಿಯರು ಬಂದು ಹಾಡಿ ಮಿಠಾಯಿ ಒಯ್ದರು. ಅವರ ಹಿಂದೆ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನಗಿಸಾ ನಿಂತಿದ್ದಳು. ಹಬ್ಬದ ಉಡುಪಲ್ಲ, ತಂದೆಯ ಮಳೆಯಂಗಿ, ತೋಳು ಎರಡು ಸಲ ಮಡಚಿದ್ದು.

“ನನಗೂ ಒಂದು ಮೇಣದ ಬತ್ತಿ ಬೇಕು ಮೇಷ್ಟ್ರೇ.”

ಬುಟ್ಟಿಯನ್ನು ಮುಂದೆ ಚಾಚಿದೆ. ತಲೆಯಾಡಿಸಿದಳು.

“ಮಿಠಾಯಿ ಬೇಡ. ನಿಜವಾದ ಬತ್ತಿ ಇದೆಯಾ? ಅಪ್ಪನ ಹೆಸರಲ್ಲಿ ಮನೇಲಿ ಹಚ್ಚೋಕೆ ಅಮ್ಮ ಬಿಡಲ್ಲ. ಹಚ್ಚಿದ್ರೆ ಒಪ್ಕೊಂಡ ಹಾಗೆ ಅಂತಾಳೆ. ನಾನೂ ಹಚ್ಚಲ್ಲ. ಜೇಬಲ್ಲಿ ಇರ್ಲಿ ಅಷ್ಟೆ.”

ಮನೆಯಲ್ಲಿದ್ದದ್ದು ಒಂದೇ, ಚಿಜುವಿನ ಪೀಠದ ಮೇಲಿನದು. ಅದನ್ನು ತಂದು ಕೊಟ್ಟೆ. ಅರ್ಧ ಉರಿದಿದ್ದ ಬತ್ತಿ. ಅವಳು ಅದನ್ನು ಒಳಜೇಬಿಗೆ ಹಾಕಿಕೊಂಡು, “ನಡೀರಿ, ಹೊತ್ತಾಯ್ತು,” ಎಂದಳು.

“ಎಲ್ಲಿಗೆ?”

“ಇವತ್ತು ಏಳನೇ ತಾರೀಖಲ್ವಾ?”

ಬೀಗದ ಕೈ ಕೊಟ್ಟುಬಿಟ್ಟಿದ್ದೇನೆ, ಇನ್ನು ಯಾವ ಬಲವಂತವೂ ಇಲ್ಲ ಎಂದು ಹೇಳಿದೆ. ಅವಳು ಆಗಲೇ ಇಳಿಜಾರು ಇಳಿಯುತ್ತಿದ್ದಳು.

ಮೇಲೆ ಹೆಚ್ಚು ಜನರಿರಲಿಲ್ಲ. ದಕ್ಷಿಣದಿಂದ ಬಂದ ವಯಸ್ಸಾದ ದಂಪತಿ, ಕೆಲವು ವಿದ್ಯಾರ್ಥಿಗಳು. ನಗಿಸಾ ಅವರ ಮುಂದೆ ನಿಂತಳು. ಬಂದರು, ಉಗ್ರಾಣ, ಇಗರ್ಜಿ, ಕೋಟೆ. ದನಿ ಕೊಂಚ ಒಡೆದಿತ್ತು, ಆದರೆ ನಿಲ್ಲಲಿಲ್ಲ. ನಾನು ತುಟಿಯಾಡಿಸಲಿಲ್ಲ. ಬಲಕ್ಕೆ ತಿರುಗಿದಳು.

“ಆ ಕಪ್ಪಗಿರೋದೆಲ್ಲ ಸಮುದ್ರ. ಈಚೆ ಕಡೆಯೂ ಸಮುದ್ರ, ಆಚೆ ಕಡೆಯೂ ಸಮುದ್ರ. ನಮ್ಮೂರು ಅದು ಬಿಟ್ಟುಕೊಟ್ಟ ಜಾಗದಲ್ಲಿದೆ.”

ಪಾಠದಲ್ಲಿ ಇಲ್ಲದ ಮಾತು. ತಿದ್ದಬೇಕೆನಿಸಲಿಲ್ಲ.

“ಅಲ್ಲಿ ಒಂದು ದೀಪ ಇದೆಯಲ್ಲಮ್ಮ,” ಎಂದರು ಆ ಹಿರಿಯರು.

ಇತ್ತು. ದೂರದಲ್ಲಿ, ನೀರೂ ಆಕಾಶವೂ ಸೇರುವ ಕಡೆ, ಒಂದೇ ಒಂದು. ನಗಿಸಾ ಕಟಕಟೆಯ ಮೇಲೆ ಎರಡೂ ಕೈಯೂರಿದಳು. ಕಟಕಟೆಯ ಒಂದು ಕಂಬದ ನೇರಕ್ಕೆ ದೀಪವನ್ನು ಹಿಡಿದು, ತಲೆ ಅಲುಗಿಸದೆ ನೋಡುತ್ತ ನಿಂತಳು. ಏಕೆಂದು ಯಾರಿಗೂ ತಿಳಿಯದಿದ್ದರೂ ಅವರೂ ಆ ಕಡೆಗೇ ನೋಡಿದರು. ವಿದ್ಯಾರ್ಥಿಗಳಲ್ಲೊಬ್ಬ ಫೋನು ಎತ್ತಿದವನು ಇಳಿಸಿದ. ಗಾಳಿ ಬೀಸುತ್ತಿತ್ತು. ನಾನೂ ಆ ಕಂಬವನ್ನೇ ನೋಡಿದೆ. ದೀಪ ಕಂಬ ಬಿಟ್ಟು ಕದಲಲಿಲ್ಲ.

“ನಿಂತಿದೆ,” ಎಂದಳು ಕೊನೆಗೆ. ಆಮೇಲೆ ಅವರ ಕಡೆ ತಿರುಗಿ: “ಅದು ಬೊಂಡಾಸ್ ಹಿಡಿಯೋ ದೋಣಿ. ಕೆಲಸ ಮಾಡ್ತಿದೆ. ಯಾರನ್ನೂ ಹುಡುಕ್ತಿಲ್ಲ.”

ಆ ಮುದುಕಿ ಏನನ್ನು ಅರಿತಳೋ, ಕೈಚೀಲ ಕೆಳಗಿಟ್ಟು ಜಲಸಂಧಿಯ ಕಡೆಗೆ ತಲೆಬಾಗಿದಳು. ಚಪ್ಪಾಳೆ ಯಾರೂ ತಟ್ಟಲಿಲ್ಲ.

ಇಳಿಯುವಾಗ ನಗಿಸಾ ಗಾಜಿಗೆ ಹಣೆಯೊತ್ತಿ ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ. ಟ್ರಾಮ್ ಬಂದಾಗ, “ಶನಿವಾರ ಮಂಜು ಇಲ್ದಿದ್ರೆ ಬರ್ತೀನಿ,” ಎಂದು ಹೇಳಿ ಹತ್ತಿದಳು.

ತೋಳುಪಟ್ಟಿ ಕೊಡುವುದನ್ನು ಮರೆತೇ ಬಿಟ್ಟೆ. ಶನಿವಾರ ಪಾಠದಲ್ಲಿ ಕತ್ತಲೆಯ ಮಾತನ್ನು ದೀಪಕ್ಕಿಂತ ಮೊದಲೇ ತಂದರೆ ಚೆನ್ನ, ಅವಳನ್ನು ಕೇಳಬೇಕು.

ಚಿಜುವಿನ ಪೀಠ ಇಂದು ಬೆಳಕಿಲ್ಲದೆ ಇದೆ. ನಾಳೆ ಸಂತೆಗೆ ಹೋದಾಗ ಮೇಣದ ಬತ್ತಿ ತರಬೇಕು. ಎರಡು ತಂದಿಟ್ಟುಕೊಳ್ಳುವುದು ಒಳ್ಳೆಯದು. ಒಂದು ದಿನ ತಮಾಯೊ ಕೇಳಬಹುದು.